ಗಣಿತದ ಮಾಸ್ತರ ಬಿದ್ದ ಪ್ರಸಂಗಗಳು

ಗಣಿತದ ಮಾಸ್ತರನಿಗೆ ನಗಿಸುವ ಗೀಳು ಹತ್ತಿದರೆ ಏನೇನು ಆಗಬಾರದೋ ಅದೆಲ್ಲ ಆಗುತ್ತಲೇ ಇರುತ್ತದೆ. ಇಂಡಿ ಊರಿನ ಹೈಸ್ಕೂಲಿನಲ್ಲಿ ಇಷ್ಟು ವರ್ಷ ನಾನು ಮಕ್ಕಳಿಗೆ ಕೊಟ್ಟದ್ದು ಎರಡೇ: ಲೆಕ್ಕ, ಮತ್ತು ತಪ್ಪಿದರೆ ‘ಹತ್ತು ಸಲ ಬರಿ’ ಎಂಬ ಶಿಕ್ಷೆ. ನನ್ನ ಕ್ಲಾಸಿನಲ್ಲಿ ಒಂದು ನರಪಿಳ್ಳೆಯೂ ನಕ್ಕಿದ್ದಿಲ್ಲ.

ಒಂದು ದಿನ ಫೋನಿನಲ್ಲಿ ರೇಖಾಗಣಿತದ ಪಾಠ ಹುಡುಕುತ್ತಿದ್ದೆ. ಅದರ ಬದಲು ಹಳೆಯ ಕಪ್ಪು-ಬಿಳುಪು ಸಿನಿಮಾ ತೆರೆದುಕೊಂಡಿತು. ಒಬ್ಬ ಸಣಕಲ ಪಿಟೀಲು ಬಾರಿಸುತ್ತಾನೆ. ಕುರ್ಚಿ ಮುರಿದು ಬೀಳುತ್ತಾನೆ, ಆದರೂ ಬಾರಿಸುತ್ತಾನೆ. ಪರದೆ ಕಳಚಿ ಮೈಮೇಲೆ ಬೀಳುತ್ತದೆ, ಅದರೊಳಗಿಂದಲೂ ಬಾರಿಸುತ್ತಾನೆ! ಒಂದು ಸ್ವರ ತಪ್ಪುವುದಿಲ್ಲ. ಎಲ್ಲಿದ್ದನಪ್ಪ ಇವನು ಇಷ್ಟು ದಿನ! ನಿವೃತ್ತಿಯಾಗುವುದರೊಳಗೆ ಒಮ್ಮೆಯಾದರೂ ನಮ್ಮ ಮಕ್ಕಳನ್ನು ಹೀಗೆ ನಗಿಸಲೇಬೇಕೆಂದು ಹಟ ಹಿಡಿದೆ.

ತಾಂಬಾ ದಾಟಿತು

ಸಿಂದಗಿಯಿಂದ ಬರುವ ಬಸ್ಸಿನಲ್ಲಿ ಫೋನು ನೋಡುತ್ತ ಒಬ್ಬನೇ ನಗುತ್ತಿದ್ದೆ. ಪಕ್ಕದ ಸೀಟಿನ ಅಜ್ಜಿ ಸಿಡುಕಿದಳು: "ಯಾಕೋ ತಮ್ಮಾ, ನನ್ನ ನೋಡಿ ನಗಾಕತ್ತಿ?"

ಫೋನನ್ನೇ ಅವಳ ಕೈಗಿಟ್ಟೆ. ಅದರಲ್ಲಿ ಹೆಗಲ ಮೇಲೆ ಏಣಿ ಹೊತ್ತವನೊಬ್ಬ ತಿರುಗಿದಾಗಲೆಲ್ಲ ಏಣಿ ಹಿಂದಿನವರಿಗೆ ಬಡಿಯುತ್ತಿತ್ತು. ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು. ಕಂಡಕ್ಟರೂ ಬಗ್ಗಿ ನೋಡತೊಡಗಿದ. ಬಸ್ಸು ಅಜ್ಜಿ ಇಳಿಯಬೇಕಿದ್ದ ತಾಂಬಾ ದಾಟಿದ ಮೇಲೆ ಅವನಿಗೆ ಎಚ್ಚರವಾಯಿತು.

"ಆಯೀ, ನಿಮ್ಮೂರು ಹೋತಲ್ಲ!"

"ಊರು ಎಲ್ಲಿಗಿ ಹೋಗ್ತೈತೋ, ಅಲ್ಲೇ ಇರ್ತೈತಿ. ಏಣಿಯಾಂವ ಮತ್ತ ತಿರಗಾಕತ್ತಾನ, ಸುಮ್ನ ನೋಡು!"

ಅಂಗಳದ ತಾಲೀಮು

ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ನನಗೆ ಏಳು ನಿಮಿಷ ಸಿಕ್ಕಿತು. ಹಾರ್ಮೋನಿಯಂ ಪೇಟಿ ನುಡಿಸುತ್ತ ಸ್ಟೂಲಿನಿಂದ ಬೀಳಬೇಕು, ಬಿದ್ದರೂ ಹಾಡು ನಿಲ್ಲಬಾರದು. ಅಂಗಳದಲ್ಲಿ ಗಾದಿ ಹಾಸಿ ಬಿದ್ದೆ. ಪಕ್ಕದ ಮನೆಯಾಕೆ ನನಗೆ ಮೂರ್ಛೆ ಬಂತೆಂದುಕೊಂಡು ಮೂಸಿಸಲು ಉಳ್ಳಾಗಡ್ಡಿ ಹಿಡಿದು ಓಡಿಬಂದಳು. ಅವಳ ಗಂಡ ಆಟೋ ಕೂಗಿದ.

"ಬೇಕಂತ ಬಿದ್ದೇನ್ರಿ!" ಎಂದು ಚೀರಿದೆ.

"ತಲೀಗೆ ಪೆಟ್ಟು ಬಿದ್ದೈತಿ, ಏನೇನರೆ ಮಾತಾಡಾಕತ್ತಾರ," ಎಂದು ಎತ್ತಿಕೊಂಡೇ ಹೋದರು. ಡಾಕ್ಟರು ಮೊಣಕೈಗೆ ಮುಲಾಮು ಹಚ್ಚಿ ಕಳಿಸಿದರು.

ಮರುದಿನದಿಂದ ಆಟೋದವನು ಬಾಗಿಲಿಗೇ ಬಂದು ಕೇಳತೊಡಗಿದ: "ಸರ, ಇವತ್ತು ಬೀಳಾವ್ರು ಅದೀರೇನ್ರಿ? ಇಲ್ಲಂದ್ರ ಝಳಕಿ ಊರಿಗೆ ಬಾಡಿಗಿ ಐತಿ, ಹೋಗ್ತೇನಿ."

ಏಳು ನಿಮಿಷ

ಗ್ಯಾದರಿಂಗಿನ ದಿನ ಬಂತು. ಪೇಟಿ ಹಿಡಿದೆ, ಹಾಡಿದೆ, ಸ್ಟೂಲು ಜಾರಿತು, ಧಡಾರನೆ ಬಿದ್ದೆ. ಮಲಗಿಕೊಂಡೇ ನುಡಿಸಿದೆ. ಹಾಕಿಕೊಂಡಿದ್ದ ಟೋಪಿ ಮೂಗಿನ ಮೇಲೆ ಬಂತು, ಆಗಲೂ ನುಡಿಸಿದೆ. ನನ್ನ ಜನ್ಮದಲ್ಲೇ ಅಷ್ಟು ಚೆನ್ನಾಗಿ ಬಿದ್ದಿರಲಿಲ್ಲ!

ಪೆಂಡಾಲಿನಲ್ಲಿ ಸದ್ದೇ ಇಲ್ಲ. ಟೋಪಿ ಸರಿಸಿ ನೋಡಿದರೆ ಮಕ್ಕಳೆಲ್ಲ ಕೈಕಟ್ಟಿ, ತುಟಿ ಕಚ್ಚಿ, ಕೆಂಪಗಾಗಿ ಕುಳಿತಿದ್ದಾರೆ. ಗಣಿತದ ಸರ ಬಿದ್ದರೆ ನಗುವ ಧೈರ್ಯ ಯಾರಿಗಿದೆ? ಇಷ್ಟು ದಿನದ ಕನಸು ಕಣ್ಣೆದುರೇ ಮಣ್ಣಾಗುತ್ತಿತ್ತು. ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

"ನಗ್ರೋ!" ಎಂದು ಗುಡುಗಿದೆ.

ಇಡೀ ಪೆಂಡಾಲು ಮಗ್ಗಿ ಒಪ್ಪಿಸಿದ ಹಾಗೆ ಒಂದೇ ದನಿಯಲ್ಲಿ "ಹ್ಹ ಹ್ಹ ಹ್ಹ" ಎಂದು ನಿಲ್ಲಿಸಿತು. ಮುಂದಿನ ಸಾಲಿನಿಂದ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ಕೈ ಎತ್ತಿದಳು.

"ಸರ, ಇದನ್ನೂ ಹತ್ತು ಸಲ ಮಾಡಬೇಕೇನ್ರಿ?"

ಮೊದಲು ಪಕ್ಕನೆ ನಕ್ಕವನು ನಾನೇ. ಆಮೇಲೆ ಹೆಡ್ ಮಾಸ್ತರರು, ಆಮೇಲೆ ಇಡೀ ಪೆಂಡಾಲು. ಎಷ್ಟು ಸಲ ನಕ್ಕರೋ, ಗಣಿತದ ಮಾಸ್ತರನಾದರೂ ನನಗೆ ಎಣಿಸಲಾಗಲಿಲ್ಲ.