ಚರ್ಚಿನಲ್ಲಿ ಸಿಕ್ಕಿದ ಅಳಿಯಂದಿರು

ನಾಲ್ಕು ಜನರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವವನ ಮರ್ಯಾದೆ ದಾರಿಯಲ್ಲಿ ಎಲ್ಲಾದರೂ ಹೋಗಿಯೇ ಹೋಗುತ್ತದೆ. ಗೊತ್ತಿದ್ದೂ ಪ್ರತಿ ವರ್ಷ ಹೊರಡುತ್ತೇನೆ. ನಾನು ತರೀಕೆರೆಯಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನು. ಕಡೂರು, ತರೀಕೆರೆ, ಅಜ್ಜಂಪುರದ ನನ್ನ ವಯಸ್ಸಿನವರನ್ನೆಲ್ಲ ಬಸ್ಸಿಗೆ ತುಂಬಿಸಿ, ಹೋದ ಕಡೆಯೆಲ್ಲ ನಾನೇ ವಿವರಣೆ ಕೊಡುವುದು ವಾಡಿಕೆ. ಈ ಸಲ ಮೈಸೂರಿನ ಒಂದು ಹಳೆಯ ಗಾಥಿಕ್ ಚರ್ಚು. ಎರಡು ವಾರ ಓದಿ ಟಿಪ್ಪಣಿ ಮಾಡಿಕೊಂಡು ಹೋದರೆ, ಬಾಗಿಲಲ್ಲೇ ಒಬ್ಬ ಗೈಡ್ ನಿಂತಿದ್ದ. ನೋಡಿದ ಕ್ಷಣವೇ ನನಗೆ ಅವನು ಹಿಡಿಸಲಿಲ್ಲ.

೧. ಊರು ಯಾವುದು?

ನಮ್ಮ ಕಡೆಯವರು ಯಾರನ್ನೇ ಕಂಡರೂ ಮೊದಲು ಊರು ಕೇಳಬೇಕು. ಕಡೂರಿನ ಕೊಬ್ಬರಿ ವ್ಯಾಪಾರಿ ಕೇಳಿಯೇಬಿಟ್ಟರು.

"ನಮ್ದು ಇಲ್ಲೇ ಸರ್, ಮೈಸೂರು. ಮನೆಯವರದ್ದು ಬೀರೂರು," ಎಂದ ಗೈಡ್.

"ಬೀರೂರು ನಮ್ ಕಡೂರಿನ ಪಕ್ಕದ್ದೇ! ಹಂಗಾದ್ರೆ ನಮ್ಮೂರ ಅಳಿಯಂದ್ರು ಕಣ್ರೀ!"

ತಕ್ಷಣ ಡಬ್ಬಿಗಳು ತೆರೆದುಕೊಂಡವು. ಬೆಳಗ್ಗೆಯಿಂದ ನಾನು ಕೈ ಚಾಚಿದಾಗಲೆಲ್ಲ "ಮಧ್ಯಾಹ್ನಕ್ಕಿರ್ಲಿ ಮೇಷ್ಟ್ರೇ" ಎಂದು ಮುಚ್ಚಿಟ್ಟಿದ್ದ ಚಕ್ಕುಲಿ ಅಳಿಯಂದಿರ ಕೈ ಸೇರಿತು. ಹೊಟ್ಟೆ ಉರಿಯಿತು. ಮೂವತ್ತು ವರ್ಷ ತರೀಕೆರೆಯ ನೀರು ಕುಡಿದ ನಾನು ಇವರಿಗೆಲ್ಲ ಇವತ್ತಿಗೂ ‘ಮಂಡ್ಯ ಕಡೆಯ ಮೇಷ್ಟ್ರು’.

೨. ಮನೆಯಾಕೆಯ ಆಸಕ್ತಿ

ಒಳಗೆ ಗೈಡ್ ಎತ್ತರದ ಕಮಾನು ತೋರಿಸಿ, "ಎರಡು ಕೈ ಜೋಡಿಸಿ ಮುಗಿದ ಹಾಗಿದೆ ನೋಡಿ," ಎಂದ. ಎಲ್ಲರೂ "ಆಹಾ" ಎಂದರು. ನನ್ನ ಟಿಪ್ಪಣಿಯಲ್ಲಿ ಇದನ್ನೇ ಒಂದೂವರೆ ಪುಟ ಬರೆದಿದ್ದೆ.

ನನ್ನ ಹೆಂಡತಿ ಮುಂದೆ ಬಂದಳು. "ಆ ಬಣ್ಣದ ಗಾಜು ಎಲ್ಲಿಂದ ತರಿಸಿದ್ರು? ಆ ಚಿತ್ರದಲ್ಲಿರೋ ಕಥೆ ಏನು? ಅಷ್ಟೆತ್ತರ ಹತ್ತಿ ಯಾರು ಒರೆಸ್ತಾರೆ?"

ಒಂದರ ಮೇಲೊಂದು ಮೂರು ಪ್ರಶ್ನೆ! ಬೇಲೂರಿನಲ್ಲಿ ನಾನು ಒಂದು ಗಂಟೆ ಶಿಲ್ಪಕಲೆ ವಿವರಿಸಿದಾಗ, ಇದೇ ಮಹಾತಾಯಿ ಹುಲ್ಲಿನ ಮೇಲೆ ಕೂತು ಅವರೆಕಾಯಿ ಸುಲಿದಿದ್ದಳು. "ಅದು ಗಾಜು ಮಾತ್ರ ಅಲ್ಲ, ಸೀಸದ ಪಟ್ಟಿನೂ..." ಎಂದು ಬಾಯಿ ಹಾಕಿದೆ.

"ಸುಮ್ನಿರಿ ನೀವು, ಅವರು ಹೇಳ್ತಾ ಇದಾರಲ್ಲ," ಎಂದಳು.

೩. ನನ್ನ ಶ್ರೋತೃಗಳು

ಇನ್ನು ತಡೆಯಲಾರದೆ ಇನ್ನೊಂದು ಮೂಲೆಯ ಕಂಬದ ಕೆಳಗೆ ನಿಂತು, ಮೆಲುದನಿಯಲ್ಲಿ ನನ್ನ ವಿವರಣೆ ಶುರು ಮಾಡಿದೆ. ಆಶ್ಚರ್ಯ, ಒಬ್ಬೊಬ್ಬರೇ ಬಂದು ಬೆಂಚಿನ ಮೇಲೆ ಕೂತರು. ಎಂಟು ಜನರಾದರು. ಅಜ್ಜಂಪುರದ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ದೂರದಲ್ಲಿದ್ದ ಗೈಡನ ಕಡೆ ಒಂದು ನೋಟ ಎಸೆದೆ.

ಆಗ ಕರೆಂಟ್ ಹೋಯಿತು. ನನ್ನ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನಿಂತಿತು. ಎಂಟೂ ಜನ ಎದ್ದು ಹೋದರು.

೪. ಶಾಲು

ಹೊರಡುವಾಗ ಕೊಬ್ಬರಿ ವ್ಯಾಪಾರಿ ಚೀಲದಿಂದ ಒಂದು ಶಾಲು ತೆಗೆದರು. ನಮ್ಮ ಕಡೆ ಸನ್ಮಾನವಿಲ್ಲದೆ ಯಾವ ಕಾರ್ಯವೂ ಮುಗಿಯುವುದಿಲ್ಲ. ಪ್ರವಾಸ ಏರ್ಪಡಿಸಿದವನು ನಾನು. ನನಗೇ ಎಂದುಕೊಂಡು "ಇದೆಲ್ಲ ಯಾಕ್ರೀ" ಎನ್ನಲು ಗಂಟಲು ಸರಿಮಾಡಿಕೊಂಡೆ. ಅವರು ನೇರ ಹೋಗಿ ಗೈಡನಿಗೆ ಹೊದಿಸಿದರು! "ಮನೆ ಅಳಿಯಂದ್ರನ್ನ ಬರಿಗೈಲಿ ಕಳ್ಸೋಕಾಗುತ್ತಾ?" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿಯದೇ ಎಲ್ಲಕ್ಕಿಂತ ಜೋರು.

ಗೈಡ್ ಸಂಕೋಚದಿಂದ ಶಾಲು ತೆಗೆದ. "ಇದು ನನಗಲ್ಲ ಸರ್. ನಿಮ್ಮನ್ನೆಲ್ಲ ಇಷ್ಟು ದೂರ ಕ್ಷೇಮವಾಗಿ ಕರೆದುಕೊಂಡು ಬಂದಿದಾರಲ್ಲ, ಅವರಿಗೆ ಸಲ್ಲಬೇಕು," ಎಂದು ನನ್ನ ಕಡೆಗೇ ನಡೆದು ಬಂದ.

ಎಂಥ ಸಂಸ್ಕಾರ! ಬೆಳಗ್ಗೆಯಿಂದ ಅವನನ್ನು ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು. ಕಣ್ಣು ತೇವವಾಯಿತು. ಕೈ ಮುಗಿದು, ತಲೆ ತಗ್ಗಿಸಿ, ಕತ್ತು ಚಾಚಿ ನಿಂತೆ.

ಎಷ್ಟು ಹೊತ್ತಾದರೂ ಕತ್ತಿಗೆ ಏನೂ ಬೀಳಲಿಲ್ಲ. ಮತ್ತೆ ಚಪ್ಪಾಳೆ ಕೇಳಿಸಿತು. ಓರೆಗಣ್ಣಿನಲ್ಲಿ ನೋಡಿದರೆ, ನನ್ನ ಹಿಂದೆ ನಿಂತಿದ್ದ ಬಸ್ಸಿನ ಡ್ರೈವರ್ ಶಾಲು ಹೊದ್ದು ನಗುತ್ತಿದ್ದ.

"ರೀ, ಸ್ವಲ್ಪ ಪಕ್ಕಕ್ಕೆ ಬನ್ನಿ," ಎಂದಳು ಹೆಂಡತಿ ಮೊಬೈಲು ಹಿಡಿದು. "ಫೋಟೋಗೆ ಅಡ್ಡ ಬರ್ತಿದೀರ."