ಕನ್ನಡಕದಣ್ಣ ಕಿವಿಗೊಟ್ಟ ಕಥೆ

ಹೆಂಡತಿಯ ಗುಟ್ಟನ್ನು ಇವತ್ತು ಬಯಲಿಗೆಳೆಯದಿದ್ದರೆ ತನ್ನ ಮೀಸೆ ಬೋಳಿಸಿಕೊಳ್ಳುವುದಾಗಿ ಕನ್ನಡಕದಣ್ಣ ಆ ಬೆಳಿಗ್ಗೆ ಕನ್ನಡಿಯೆದುರು ಪಣ ತೊಟ್ಟ. ಬೀದಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವ ಕನ್ನಡಕದ ಅಂಗಡಿ ಅವನದು. ಅಂಥವನಿಗೆ ತನ್ನ ಮನೆಯದೇ ಕಾಣದೆ ಹೋದೀತೇ?

ಹೆಂಡತಿ ವಿಜ್ಞಾನಿ. ಮೊಬೈಲಿನಿಂದ ಹೊರಡುವ ತರಂಗಗಳು ಮನುಷ್ಯನ ಚರ್ಮದ ಜೀವಕೋಶಗಳಿಗೆ ಏನು ಮಾಡುತ್ತವೆಂದು ಹುಡುಕುವುದು ಅವಳ ಕೆಲಸ. ಕೋಶಗಳನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ ಅರ್ಧಕ್ಕೆ ತರಂಗ ಹಾಯಿಸುತ್ತಾರೆ. ಉಳಿದರ್ಧವನ್ನು ಬೇರೆ ಕೋಣೆಯಲ್ಲಿ ತರಂಗ ಸೋಕದಂತೆ ಇಟ್ಟು ಹೋಲಿಸಿ ನೋಡುತ್ತಾರೆ. ಆ ಕೋಣೆಗೆ ಮೊಬೈಲ್ ಒಯ್ಯುವಂತಿಲ್ಲ. ಹಾಗಾಗಿ ಇವನು ಫೋನ್ ಮಾಡಿದಾಗಲೆಲ್ಲ ಅವಳು ಎತ್ತುತ್ತಿರಲಿಲ್ಲ.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದನೇನೋ. ತರಂಗದ ಯಂತ್ರ ನೋಡಿಕೊಳ್ಳಲು ಹೊಸ ಎಂಜಿನಿಯರ್ ಬಂದಮೇಲೆ ಊಟಕ್ಕೆ ಕೂತರೂ ಅವನದೇ ಸುದ್ದಿ. ಅವನ ಕೈ ಎಷ್ಟು ನಾಜೂಕೆಂದರೆ, ತಟ್ಟೆ ಎತ್ತಿಟ್ಟರೆ ಒಳಗಿನ ನೀರು ಕೂಡ ಅಲುಗುವುದಿಲ್ಲವಂತೆ. ಇದನ್ನು ಕೇಳುತ್ತ ನೀರು ಬಗ್ಗಿಸುತ್ತಿದ್ದ ಕನ್ನಡಕದಣ್ಣ ಅರ್ಧ ಲೋಟದಷ್ಟನ್ನು ಮೇಜಿಗೇ ಸುರಿದ. ಹೊಟ್ಟೆಯೊಳಗೆ ಹೊತ್ತಿದ ಕಿಚ್ಚಿಗೆ ಆ ನೀರು ಸಾಲುತ್ತಲೂ ಇರಲಿಲ್ಲ.

ಹೀಗಾಗಿ ಆ ಬೆಳಿಗ್ಗೆ ಹೆಂಡತಿಯ ಬಿಳಿ ಕೋಟಿಗೆ ತಾನೇ ಇಸ್ತ್ರಿ ಹಾಕಿದ. ಇದೇನು ಹೊಸ ಪ್ರೀತಿ ಎಂದು ಅವಳು ಕೇಳಿದ್ದಕ್ಕೆ ಹಲ್ಲು ಕಿರಿದ. ಹಳೆಯ ಮೊಬೈಲಿಗೆ ತನ್ನ ಮೊಬೈಲಿನಿಂದ ಕರೆ ಜೋಡಿಸಿ, ಅದನ್ನು ಕೋಟಿನ ಒಳಜೇಬಿಗೆ ಇಳಿಬಿಟ್ಟ. ತನ್ನದನ್ನು ಅಂಗಿಯ ಜೇಬಿಗೆ ಹಾಕಿ, ಅದರ ವೈರನ್ನು ಕಿವಿಗೆ ಸಿಕ್ಕಿಸಿಕೊಂಡು ಅಂಗಡಿಗೆ ಹೊರಟ.

ಅಂಗಡಿಯಲ್ಲಿ ಗಿರಾಕಿಯೊಬ್ಬರು ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತಿದ್ದರು. ಅವರು ತಪ್ಪು ಓದಿದ್ದಕ್ಕೆಲ್ಲ ಇವನು ಸರಿ ಸರಿ ಎನ್ನುತ್ತಿದ್ದ. ಅಷ್ಟರಲ್ಲಿ ಕಿವಿಯೊಳಗೆ ಹೆಂಡತಿಯ ದನಿ, ಬೆಣ್ಣೆಯಷ್ಟು ಮೆತ್ತಗೆ, ಕೇಳಿಸಿತು.

"ಯಾಕೋ ಮುದುಡಿಕೊಂಡಿದ್ದೀಯ? ಬಾ, ಬೆಚ್ಚಗೆ ಜಾಗ ಮಾಡಿಕೊಡ್ತೀನಿ. ಕಟ್ಟಿಕೊಂಡ ಗಂಡನಿಗೂ ನಾನು ಇಷ್ಟು ಆರೈಕೆ ಮಾಡಿಲ್ಲ ಕಣೋ."

ಹಿಂದೆಯೇ ಗಂಡಸೊಬ್ಬನ ನಗು.

ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಕನ್ನಡಕ ಹಾಗೇ ಬಿಟ್ಟು ಕನ್ನಡಕದಣ್ಣ ಬೀದಿಗೆ ಹಾರಿದ. ಪ್ರಯೋಗಾಲಯ ನಾಲ್ಕು ಬೀದಿ ಆಚೆ. ಏದುಸಿರು ಬಿಡುತ್ತ, ಆ ಎಂಜಿನಿಯರನ ನಾಜೂಕು ಕೈಯನ್ನು ಎಲ್ಲೆಲ್ಲಿ ಮುರಿಯಬೇಕೆಂದು ಬೆರಳು ಬೆರಳಾಗಿ ಗೊಣಗುತ್ತ ಓಡಿದ. ಕರೆ ಎರಡೂ ಕಡೆಗೆ ಕೇಳಿಸುತ್ತದೆ ಎಂಬುದು ಅವನ ನೆನಪಿಗೇ ಬರಲಿಲ್ಲ.

ಅತ್ತ ತರಂಗ ಸೋಕಬಾರದ ಕೋಣೆಯಲ್ಲಿ ಎಂಜಿನಿಯರ್ ಆಗಷ್ಟೇ ಹಚ್ಚಿದ್ದ ತರಂಗ ಅಳೆಯುವ ಮಾಪಕ, ಸುಮ್ಮನಿರಬೇಕಾದದ್ದು, ಹುಚ್ಚು ಹಿಡಿದಂತೆ ಕೂಗಿಕೊಂಡಿತ್ತು. ಅವನು ಹುಡುಕುತ್ತ ಹುಡುಕುತ್ತ ಬಿಳಿ ಕೋಟಿನ ಜೇಬಿಗೇ ಬಂದು ನಿಂತಿದ್ದ. ಮೊಬೈಲ್ ಆಚೆ ತೆಗೆದರೆ ಒಳಗಿಂದ ಯಾರೋ ಏದುಸಿರು ಬಿಡುವ ಸದ್ದು. ಏನಿದು ಎಂದು ಸ್ಪೀಕರ್ ಒತ್ತಿದ. ಆಮೇಲಿನ ಎರಡು ಬೀದಿಯ ಬೈಗುಳವನ್ನು ಇಡೀ ಪ್ರಯೋಗಾಲಯ ನಿಂತು ಆಲಿಸಿತು.

ಕನ್ನಡಕದಣ್ಣ ಬಾಗಿಲು ತಳ್ಳಿದಾಗ ಎಂಜಿನಿಯರ್ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ.

ಹೆಂಡತಿ ಬಯ್ಯಲಿಲ್ಲ. ಗಂಡನ ಕುತ್ತಿಗೆ ಹಿಡಿದು ಸೂಕ್ಷ್ಮದರ್ಶಕಕ್ಕೆ ಬಗ್ಗಿಸಿದಳು. ಗಾಜಿನ ತಟ್ಟೆಯಲ್ಲಿ ಒಂದು ಚರ್ಮದ ಕೋಶ ಮುದುಡಿಕೊಂಡು ಕೂತಿತ್ತು. ಅವಳ ಅಕ್ಕರೆಯ ಮಾತೆಲ್ಲ ಅದಕ್ಕೆ! ತರಂಗ ಸೋಕಬಾರದಿದ್ದ ತಟ್ಟೆಗಳಿಗೆ ಬೆಳಗ್ಗಿನಿಂದ ಗಂಡನ ಮೊಬೈಲ್ ಸೋಕಿತ್ತು. ಹೋಲಿಸಲು ಇನ್ನು ಏನೂ ಉಳಿದಿರಲಿಲ್ಲ. ವಾರಗಟ್ಟಲೆ ಸಾಕಿದ್ದನ್ನು ಒಂದೊಂದಾಗಿ ತ್ಯಾಜ್ಯದ ಡಬ್ಬಿಗೆ ಸುರಿಯುವಾಗ ಅವಳ ಕಣ್ಣು ತುಂಬಿದ್ದು ಕಂಡು, ಇವನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಎಂಜಿನಿಯರನ ಕ್ಷಮೆ ಕೇಳಿದ. ಅವನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ, ಕೈ ಮಾತ್ರ ಮುಂದಕ್ಕೆ ತರಲಿಲ್ಲ.

ಸಂಜೆ ಇಬ್ಬರೂ ನಡೆದು ಮನೆಗೆ ಹೊರಟರು. ದಾರಿಯಲ್ಲಿ ಕನ್ನಡಕದಣ್ಣ ಅಳುಕುತ್ತ ಕೇಳಿದ:

"ನನ್ನ ಮೊಬೈಲಿನಿಂದ ಆ ಕೋಶಗಳಿಗೆ ಏನಾದ್ರೂ ಆಯ್ತಾ?"

ಹೆಂಡತಿ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಮೊಬೈಲಿನಿಂದ ಚರ್ಮಕ್ಕೆ ಏನಾಗುತ್ತೆ ಅಂತ ನನಗಿನ್ನೂ ಗೊತ್ತಿಲ್ಲ ಕಣ್ರೀ. ಗಂಡನ ತಲೆಗೆ ಏನಾಗುತ್ತೆ ಅಂತ ಇವತ್ತು ಇಡೀ ಪ್ರಯೋಗಾಲಯಕ್ಕೇ ಗೊತ್ತಾಯ್ತು."