ನನ್ನ ಹೆಂಡತಿಯ ಬದಲಿ ನಾಲಿಗೆ

ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು? ದಿನಾ ಬೆಳಗ್ಗೆ ಎಂಟು ಗಂಟೆಗೆ ಪಕ್ಕದ ಮನೆಯ ವೆಂಕೋಬ ತನ್ನದೇ ಒಂದು ಚಮಚವನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ನಮ್ಮ ಅಡುಗೆಮನೆಗೆ ಬರುತ್ತಾನೆ. ನಾನು ತಾಳಿ ಕಟ್ಟಿದ ಹೆಂಡತಿ ಒಲೆಯ ಮೇಲಿನ ಸಾರನ್ನು ಮೊದಲು ಅವನ ಚಮಚಕ್ಕೆ ಹಾಕುತ್ತಾಳೆ. ಅವನು ಕಣ್ಣು ಮುಚ್ಚಿ ಚಪ್ಪರಿಸಿ, ಅರ್ಧ ಚಿಟಿಕೆ ಉಪ್ಪು ಬೇಕೆಂದು ಅಪ್ಪಣೆ ಕೊಡಿಸುತ್ತಾನೆ. ಅವಳು ಹಾಕುತ್ತಾಳೆ. ಪತಿದೇವರೆಂಬ ನಾನು ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿರುತ್ತೇನೆ.

ಎಲ್ಲಕ್ಕೂ ಮೂಲ ನನ್ನ ಹೆಂಡತಿ ಶಿವಲೀಲಾಳ ಎಡಗಿವಿ. ಹೋದ ವರ್ಷ ಅದರಲ್ಲಿ ಹಗಲೂ ರಾತ್ರಿ ಗುಂಯ್ ಎನ್ನುವ ಸದ್ದು ಶುರುವಾಯಿತು. (ನನ್ನ ಗೊರಕೆ ಎಂದು ಆರು ತಿಂಗಳು ನನ್ನನ್ನೇ ಬೈದಳು.) ಕೊನೆಗೆ ಹುಬ್ಬಳ್ಳಿಯ ಡಾಕ್ಟರು ಫೋಟೋ ತೆಗೆಸಿ, ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಂಟು ಬೆಳೆದಿದೆ, ಕ್ಯಾನ್ಸರ್ ಅಲ್ಲ, ತೆಗೆಯೋಣ ಎಂದರು. ಅವರು 'ಅಲ್ಲ' ಎನ್ನುವ ಹೊತ್ತಿಗೆ ನಾನು ಕುರ್ಚಿಯಿಂದ ಅರ್ಧ ಜಾರಿದ್ದೆ. ನನಗೆ ನೀರು ಕುಡಿಸಿದ್ದು ರೋಗಿಯೇ. ಆಪರೇಷನ್ ಆಯಿತು, ಹದಿನಾಲ್ಕು ದಿನ ಅವಳ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದೆ. ಗಂಟು ಹೋಯಿತು, ಅದರ ಜೊತೆ ಆ ಕಿವಿಯೂ ಹೋಯಿತು.

ಮನೆಗೆ ಬಂದು ಮೊದಲ ಚಹಾ ಕುಡಿದವಳು ತುಕ್ಕು ಹಿಡಿದ ಮೊಳೆ ನೆಕ್ಕಿದಂತಾಯಿತು ಎಂದು ಕಪ್ಪು ಕೆಳಗಿಟ್ಟಳು. ರುಚಿಯ ನರವೂ ಅದೇ ಹಾದಿಯಲ್ಲಿ ಹೋಗುತ್ತದಂತೆ, ಅದಕ್ಕೂ ಪೆಟ್ಟಾಗಿದೆ, ತಿಂಗಳುಗಟ್ಟಲೆ ಕಾಯಬೇಕು, ಬಂದರೆ ಬಂತು ಎಂದರು ಡಾಕ್ಟರು. ಅವಳು ಅಂದು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಕಿವಿ ಹೋದಾಗ ಅತ್ತಿರಲಿಲ್ಲ. ಯಲಬುರ್ಗಾದ ಅವಳ ತವರಿನಲ್ಲಿ ಶಿವಲೀಲಾಳ ಎಣಗಾಯಿ ಎಂದರೆ ಬದನೆಕಾಯಿಗೆ ಮೋಕ್ಷ ಸಿಕ್ಕ ಹಾಗೆ.

ಇನ್ನು ಮೇಲೆ ನಾನೇ ಇವಳ ನಾಲಿಗೆ ಎಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ. ಮರುದಿನವೇ ಬೇಳೆಸಾರಿನ ಪರೀಕ್ಷೆ ಬಂತು. ಬಾಯಿಗೆ ಹಾಕಿದರೆ ಉಪ್ಪಿನ ಡಬ್ಬಿಗೇ ಬಾಯಿ ಹಾಕಿದ ಹಾಗಿತ್ತು. ಆದರೆ ನಾಲಿಗೆಗೆ ಅಭ್ಯಾಸವಾಗಿಬಿಟ್ಟಿದೆಯಲ್ಲ, ಭಾರಿ ಆಗೈತಿ ಎಂದುಬಿಟ್ಟೆ. ಹಿಂದೆಯೇ ಉಂಡ ಮಗಳು ಅಮೃತಾ ಒಂದೇ ಗುಟುಕಿಗೆ ಬಚ್ಚಲಿಗೆ ಓಡಿದಳು.

ಶಿವಲೀಲಾ ಸೌಟು ಹಿಡಿದು ನನ್ನ ಮುಂದೆ ನಿಂತಳು.

"ಇಪ್ಪತ್ತಾರು ವರ್ಷದಾಗ ಒಂದ ದಿನಾರ ಉಪ್ಪು ಹೆಚ್ಚಾಗೇತಿ ಅಂದೀರೇನ್ರಿ? ನಿಮ್ಮ ನಾಲಿಗಿ ನಂಬಿದ್ರ ಮನಿಮಂದಿ ಎಲ್ಲಾ ದವಾಖಾನಿ ಸೇರ್ತೀವಿ."

ಅನ್ಯಾಯ ನೋಡಿ. ನಾನು ಸಾಲಿ ಮಾಸ್ತರ. ಮಕ್ಕಳ ಪೇಪರಿನಲ್ಲಿ ಕೊಂಬು ತಪ್ಪಿದರೂ ಅರ್ಧ ಅಂಕ ಕೊಯ್ಯುವವನು. ಮನೆಯಲ್ಲಿ ಮಾತ್ರ ನೂರಕ್ಕೆ ನೂರು ಕೊಡುತ್ತ ಬಂದದ್ದಕ್ಕೆ ಕಾರಣವಿದೆ. ಮದುವೆಯಾದ ಹೊಸದರಲ್ಲಿ ಒಮ್ಮೆ, ನಮ್ಮವ್ವನ ಎಣಗಾಯಿ ಇದಕ್ಕಿಂತ ಒಂದು ಕೈ ಮೇಲು ಎಂದಿದ್ದೆ. ಹನ್ನೊಂದು ದಿನ ಬರೀ ಅನ್ನ ಮಜ್ಜಿಗೆ ಉಂಡೆ. ಅಂದಿನಿಂದ ನನ್ನ ನಾಲಿಗೆ ಸನ್ಯಾಸ ತೆಗೆದುಕೊಂಡಿತು.

ಹಾಗಾಗಿ ವೆಂಕೋಬನಿಗೆ ಬುಲಾವು ಹೋಯಿತು. ಅವನು ನಮ್ಮೂರು ಭಾಗ್ಯನಗರದಲ್ಲೇ ನಾಲ್ಕು ಮಗ್ಗ ಇಟ್ಟುಕೊಂಡು ಸೀರೆ ನೇಯಿಸುವವನು. ಆದರೆ ಖ್ಯಾತಿ ಬಂದದ್ದು ಬಾಯಿಂದ. ಮದುವೆ ಮನೆಯಲ್ಲಿ ಬೀಗರ ಎದುರೇ ಹುಗ್ಗಿ ತಳ ಹತ್ತಿದೆ ಎಂದವನು. ಅಂಥವನ ಮಾತೇ ಖರೆ ಎಂದು ಶಿವಲೀಲಾಳ ತೀರ್ಪು. ಎಂಟು ಗಂಟೆಗೆ ಮೊದಲು ಅವಳು ಸೆರಗು ಸರಿಮಾಡಿಕೊಂಡು ಕಾಯುತ್ತಾಳೆ. ನನಗಾಗಿ ಅವಳು ಸೆರಗು ಸರಿಮಾಡಿಕೊಂಡ ನೆನಪು ನನಗಿಲ್ಲ. ಅವನು ಅಡುಗೆ ಚೆನ್ನಾಗಿದೆ ಎಂದರೆ ಅವಳ ಮುಖ ಅರಳುತ್ತದೆ. ನಾನು ಒಂಬತ್ತು ಸಾವಿರ ಸಲ ಹೇಳಿದ್ದು ಯಾವ ಲೆಕ್ಕಕ್ಕೂ ಇಲ್ಲ. ಮಂಚದ ಕೆಳಗೆ ಮಲಗಿದವನು ನಾನು, ಚಮಚ ಹಿಡಿದವನು ಅವನು!

ನನಗುಳಿದ ಒಂದೇ ಸಮಾಧಾನ ಅವಳ ಎಡಗಡೆ. ಅಲ್ಲಿ ನಿಂತು ಏನು ಗೊಣಗಿದರೂ ಅವಳಿಗೆ ಕೇಳುವುದಿಲ್ಲ. ಹೊಟ್ಟೆ ಉರಿದಾಗಲೆಲ್ಲ ಅತ್ತ ಹೋಗಿ ಎರಡು ಮಾತು ಅಂದು ಹಗುರಾಗುತ್ತಿದ್ದೆ. ಪಾಪ ಅನ್ನಿಸುತ್ತಿತ್ತು, ಆದರೂ ರೂಢಿ ಬಿಡಲಿಲ್ಲ.

ಎಳ್ಳಮಾವಾಸ್ಯೆ ಬಂತು. ಯಲಬುರ್ಗಾದಲ್ಲಿ ನನ್ನ ಭಾವಮೈದುನ ಕಲ್ಲೇಶನ ಹೊಲದಲ್ಲಿ ಭೂತಾಯಿಗೆ ಎಡೆಯೆಂದು ಚರಗ ಚೆಲ್ಲಿ ಅಲ್ಲೇ ಎಲ್ಲರೂ ಉಣ್ಣುವುದು ವರ್ಷದ ಪದ್ಧತಿ. ಎಣಗಾಯಿ ನಮ್ಮ ಮನೆಯಿಂದಲೇ ಹೋಗಬೇಕು. ಆಪರೇಷನ್ ಆದ ಮೇಲೆ ತವರಿನವರಿಗೆ ಉಣಬಡಿಸುವುದು ಇದೇ ಮೊದಲು, ಕೈ ರುಚಿ ಹೋಯಿತು ಎನ್ನಿಸಿಕೊಳ್ಳಬಾರದೆಂದು ಅವಳಿಗೆ ಚಿಂತೆ. ಬೆಳಗ್ಗೆಯೇ ವೆಂಕೋಬ ಬಂದ. ಗುರೆಳ್ಳಿನ ಮಸಾಲೆ ನೆಕ್ಕಿದ. ಒಂದು ಚೂರು ಬೆಲ್ಲ ಹಾಕಿಸಿದ. ಇನ್ನು ಬ್ರಹ್ಮ ಬಂದರೂ ತಪ್ಪು ಹುಡುಕಲಾರ ಎಂದ. ಜೊತೆಗೆ ಅವನೂ ಹೊಲಕ್ಕೆ ಬರಬೇಕೆಂದು ಶಿವಲೀಲಾ ಕರೆದಳು.

ನನಗೆ ತಡೆಯಲಿಲ್ಲ. ಸೀದಾ ಹೋಗಿ ಅವಳ ಎಡಗಡೆ ನಿಂತೆ.

"ಉಪ್ಪು ಹೆಚ್ಚಾಗೇತಿ. ಹುಳಿ ಸಾಲದು. ಇವತ್ತಲ್ಲ, ಇಪ್ಪತ್ತಾರು ವರ್ಷದಿಂದ ಹಿಂಗ ಐತಿ. ನಮ್ಮವ್ವನ ಎಣಗಾಯಿ ಮುಂದ ಇದು ಏನೂ ಅಲ್ಲ. ಆ ಚಮಚದ ಶ್ಯಾಣ್ಯಾಗ ಏನ ಗೊತ್ತೈತಿ?"

ಸೌಟು ನಿಂತಿತು. ವೆಂಕೋಬ ಚಮಚವನ್ನು ಬಾಯಿಂದ ತೆಗೆಯಲೇ ಇಲ್ಲ. ಶಿವಲೀಲಾ ನಿಧಾನವಾಗಿ ಕೂದಲು ಸರಿಸಿ ಎಡಗಿವಿಯನ್ನು ತೋರಿಸಿದಳು. ಕಿವಿಯ ಹಿಂದೆ ಹುಣಸೆಬೀಜದಷ್ಟು ಒಂದು ಮಷಿನ್ನು ಕೂತಿತ್ತು.

"ಈ ಕಡಿ ಮಾತು ಹಿಡದು ಆ ಬಲಗಿವಿಗೆ ಕಳಸ್ತದರಿ ಇದು," ಎಂದಳು. "ನಿನ್ನಿ ಕೈಬಳಿ ತರಾಕ ಹೊಕ್ಕೀವಿ ಅಂತ ಹೇಳಿ, ಅಮೃತಾನ ಜೋಡಿ ಹೋಗಿ ಹಾಕಿಸಿಕೊಂಡು ಬಂದೆ. ಈ ಕಡಿಯಿಂದ ಮೊದಲ ನಿಮ್ಮ ದನಿನ ಕೇಳಬೇಕು ಅಂತ ಮುಂಜಾನಿಂದ ಕಾಯಾಕತ್ತಿದ್ದೆ."

ಭೂಮಿ ಬಾಯಿ ಬಿಡುತ್ತದೆಯೇನೋ ಎಂದು ನೋಡಿದೆ, ಬಿಡಲಿಲ್ಲ. ಆದರೆ ಅವಳು ಜಗಳ ತೆಗೆಯಲಿಲ್ಲ. ನಿಮಗೂ ನಾಲಿಗೆ ಇದೆ ಎಂದು ಈಗ ಗೊತ್ತಾಯಿತು, ಇನ್ನು ಮೇಲೆ ಖರೆ ಹೇಳುವುದಾದರೆ ನೀವೇ ರುಚಿ ನೋಡಿ ಎಂದಳು. ವೆಂಕೋಬನಿಂದ ಚಮಚ ಇಸಿದುಕೊಂಡು, ತೊಳೆದು, ನನ್ನ ಕೈಗೆ ಕೊಟ್ಟಳು. ನಿಮ್ಮ ಬಾಯಿಗೆ ಹಿಡಿಸುವ ಹಾಗೆ ನಾಲ್ಕು ಬದನೆಕಾಯಿ ಬೇರೆ ಮಾಡುತ್ತೇನೆ ಎಂದೂ ಹೇಳಿದಳು. ಯಲಬುರ್ಗಾ ಬಸ್ಸಿನಲ್ಲಿ ನಾನು ಆ ಚಮಚವನ್ನು ವೆಂಕೋಬನಿಗೆ ಕಾಣುವ ಹಾಗೆ ಜೇಬಿನಲ್ಲಿ ಸಿಕ್ಕಿಸಿಕೊಂಡು ಕೂತಿದ್ದೆ.

ಹೊಲದಲ್ಲಿ ಎಲ್ಲರೂ ಸಜ್ಜೆ ರೊಟ್ಟಿ ಮುರಿದರು. ಕಲ್ಲೇಶ ಮೂರನೇ ಸಲ ಎಣಗಾಯಿ ಹಾಕಿಸಿಕೊಂಡು, ಅಕ್ಕನ ಕೈಯ ರುಚಿ ಎಲ್ಲೂ ಹೋಗಿಲ್ಲ ಎಂದ. ಶಿವಲೀಲಾಳ ಕಣ್ಣು ತುಂಬಿತು. ಆಮೇಲೆ ಬೇರೆ ಡಬ್ಬಿ ತೆಗೆದು ನನಗೊಬ್ಬನಿಗೇ ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟೆ. ಹುಣಸೆಹಣ್ಣು ನೆತ್ತಿಗೇರಿತು, ಉಪ್ಪು ಎಲ್ಲೂ ಸಿಗಲಿಲ್ಲ.

ಅವಳು ನನ್ನ ಪಕ್ಕ ಬಂದು, ಎಡಗಿವಿ ನನ್ನ ಕಡೆ ಮಾಡಿ ಕೂತಳು.

"ಹೆಂಗಾಗೇತ್ರಿ? ಖರೇ ಹೇಳ್ರಿ."

ತವರಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವಳೂ ನೋಡುತ್ತಿದ್ದಳು, ಅದೇ ಅರಳಿದ ಮುಖದಿಂದ. ಆರು ತಿಂಗಳು ನಾನು ಹೊಟ್ಟೆ ಉರಿಸಿಕೊಂಡದ್ದು ಈ ಮುಖಕ್ಕಾಗಿಯೇ.

"ಭಾರಿ ಆಗೈತಿ," ಎಂದೆ.

"ಒಂದ ಹಳ್ಳು ಉಪ್ಪು ಹಾಕಿಲ್ಲರಿ ಅದಕ್ಕ," ಎಂದಳು ಶಿವಲೀಲಾ.

ವೆಂಕೋಬ ರೊಟ್ಟಿ ತಿನ್ನುತ್ತಲೇ ನನ್ನ ಕಡೆ ಎಡಗೈ ಚಾಚಿದ. ನಾನು ಜೇಬಿನಿಂದ ಚಮಚ ತೆಗೆದು ಅವನ ಕೈಯಲ್ಲಿಟ್ಟೆ.